ಪರದೆ ಮಾರಿದವನ ವಿಳಾಸ

ಜಾಲ್ಸೂರು ಪೇಟೆಯಲ್ಲಿ ಮಾಣಿ–ಮೈಸೂರು ಹೆದ್ದಾರಿಯಿಂದ ಕಾಸರಗೋಡಿನ ರಸ್ತೆ ಕವಲೊಡೆಯುತ್ತದೆ. ಸುಳ್ಯ ಕಡೆಯಿಂದ ಬಂದ ಕೊರಿಯರ್‌ನವನು ಇಲ್ಲಿ ನಿಂತು ಫೋನ್ ಮಾಡುತ್ತಾನೆ. ಮನೆ ಇರುವುದು ತೋಟದ ಒಳಗೆ, ನೆಟ್‌ವರ್ಕ್ ಸಿಗುವುದು ಗುಡ್ಡದ ಮೇಲೆ. ‘ಅಂಗಡಿಯಲ್ಲಿ ಕೊಟ್ಟು ಹೋಗಿ, ಸಂಜೆ ತಕ್ಕೊಳ್ತೇನೆ’ ಎಂಬುದು ಇಂಥ ಊರುಗಳ ಖಾಯಂ ಉತ್ತರ.

ಸಂಜೆ ಬೈಕಿನಲ್ಲಿ ಬಂದ ಹುಡುಗ ಕಟ್ಟನ್ನು ಕೈಗೆತ್ತಿಕೊಳ್ಳುವ ಮೊದಲೇ ಅಂಗಡಿಯವರಿಗೆ ನಗು. ‘ಎಂತ ಮಾರಾಯ, ಗಾಳಿ ಆರ್ಡರ್ ಮಾಡಿದ್ದಾ?’ ಕಟ್ಟು ಬಿಚ್ಚಿದರೆ ಒಳಗೆ ನಾಲ್ಕಾಗಿ, ಎಂಟಾಗಿ, ಹದಿನಾರಾಗಿ ಮಡಚಿದ ಬೂದು ಬಣ್ಣದ ಒಂದು ತೆಳು ಹಾಳೆ. ಜಾಹೀರಾತಿನಲ್ಲಿ ಅದು ಕೈಯಿಂದ ಬಣ್ಣ ಹಚ್ಚಿದ ದಪ್ಪ ಕ್ಯಾನ್ವಾಸ್. ಕೈಗೆ ಬಂದದ್ದು ಬೆಳಕಿಗೆ ಹಿಡಿದರೆ ಆಚೆಯ ಬಸ್ಸಿನ ಬೋರ್ಡು ಓದಬಹುದಾದಂಥದ್ದು.

ಸೆಕೆಂಡ್‌ಹ್ಯಾಂಡ್ ಕ್ಯಾಮೆರಾ ಕೊಂಡು ಸೀಮಂತ, ನಾಮಕರಣ, ಮೊದಲ ಹುಟ್ಟುಹಬ್ಬದ ಫೋಟೊ ತೆಗೆದು ನಾಲ್ಕು ಕಾಸು ಮಾಡುವ ಎಂದು ಹೊರಟ ಹಲವರ ಮೊದಲ ಪಾಠ ಹೀಗೇ ಶುರುವಾಗುತ್ತದೆ. ಕ್ಯಾಮೆರಾ ಕೊಳ್ಳುವಾಗ ಹತ್ತು ಜನರನ್ನು ಕೇಳುತ್ತಾರೆ. ಹಿಂದೆ ಕಟ್ಟುವ ಪರದೆಯನ್ನು ಮಾತ್ರ ರಾತ್ರಿ ಹನ್ನೊಂದಕ್ಕೆ ಮೊಬೈಲ್ ಒತ್ತಿ ತರಿಸುತ್ತಾರೆ.

ಮಂಚದ ಹೊದಿಕೆಯಿಂದ ಮ್ಯೂಸಿಯಂಗೆ

ನಮ್ಮ ಹಳೆಯ ಸ್ಟುಡಿಯೊಗಳ ಪರದೆ ನೆನಪಿದ್ದವರಿಗೆ ಅದರ ಮೇಲಿನ ಚಿತ್ರವೂ ನೆನಪಿರುತ್ತದೆ: ಕಮಾನು, ಮೆಟ್ಟಿಲು, ಸರೋವರ, ದೂರದಲ್ಲೊಂದು ಹಿಮದ ಬೆಟ್ಟ. ಮುಂದೆ ಸ್ಟ್ಯಾಂಡಿನ ಮೇಲೆ ಪ್ಲಾಸ್ಟಿಕ್ ಹೂ. ಕಂಪನಿ ನಾಟಕಗಳ ಅರಮನೆ ಪರದೆ, ಕಾಡಿನ ಪರದೆಗಳ ಹತ್ತಿರದ ನಂಟ ಅದು. ಪೇಟೆಯನ್ನೇ ಸರಿಯಾಗಿ ಕಾಣದ ಅಜ್ಜಿಯೂ ಆ ಪರದೆಯ ಮುಂದೆ ಕಾಶ್ಮೀರದಲ್ಲಿ ಕುಳಿತಿರುತ್ತಿದ್ದಳು.

ಪರದೆ ದುಬಾರಿಯಾಗಿರಲೇಬೇಕು ಎಂಬ ಭ್ರಮೆ ಇದ್ದವರಿಗೆ ಸೆಯ್ಡು ಕೇಟಾನ ಕತೆ ಹೇಳಬೇಕು. ಪಶ್ಚಿಮ ಆಫ್ರಿಕಾದ ಮಾಲಿ ದೇಶದ ಬಮಾಕೊ ನಗರದಲ್ಲಿ 1948ರಲ್ಲಿ ಸ್ಟುಡಿಯೊ ತೆರೆದ ಈತನ ಮೊದಲ ಪರದೆ ಅವನದೇ ಮಂಚದ ಹೊದಿಕೆ. ಅದನ್ನು ಅಂಗಳದಲ್ಲಿ ಕಟ್ಟಿ, ಹಗಲ ಬೆಳಕಿನಲ್ಲಿ ಜನರನ್ನು ಕೂರಿಸಿ ತೆಗೆದ ಚಿತ್ರಗಳು ಇಂದು ಜಗತ್ತಿನ ದೊಡ್ಡ ಮ್ಯೂಸಿಯಂಗಳಲ್ಲಿವೆ. ಎರಡು ಮೂರು ವರ್ಷಕ್ಕೊಮ್ಮೆ ಅವನು ಪರದೆ ಬದಲಿಸುತ್ತಿದ್ದ. ಹಿಂದೆ ಯಾವ ಬಟ್ಟೆ ಇದೆ ಎಂದು ನೋಡಿ ಫೋಟೊ ಯಾವ ಕಾಲದ್ದೆಂದು ಹೇಳುತ್ತಿದ್ದ. ಇನ್ನೊಂದು ತುದಿಯಲ್ಲಿ ಅಮೆರಿಕದ ಇರ್ವಿಂಗ್ ಪೆನ್. 1950ರಲ್ಲಿ ಪ್ಯಾರಿಸ್‌ನಲ್ಲಿ ಸಿಕ್ಕಿದ ಹಳೆಯದೊಂದು ನಾಟಕದ ಪರದೆಯನ್ನು ಆತ ದಶಕಗಳ ಕಾಲ ಬಿಡಲಿಲ್ಲ. ಫ್ಯಾಷನ್ ಲೋಕದ ಅತಿ ಹೆಸರುವಾಸಿ ಚಿತ್ರಗಳ ಹಿಂದೆ ಇದ್ದದ್ದು ಮಾಸಿದ ಬೂದು ಬಣ್ಣದ ಆ ಬಟ್ಟೆ.

ಬಟ್ಟೆಗಿಂತ ಅಂತರ

ಹೊಸಬರ ಫೋಟೊದಲ್ಲಿ ಪರದೆ ಕೆಟ್ಟದಾಗಿ ಕಾಣುವುದಕ್ಕೆ ಮುಕ್ಕಾಲು ಪಾಲು ಕಾರಣ ಪರದೆ ಅಲ್ಲ. ಕುಳಿತವರು ಅದಕ್ಕೆ ಅಂಟಿಕೊಂಡಿರುವುದು. ಬೆನ್ನಿನ ನೆರಳು ಬಟ್ಟೆಯ ಮೇಲೆ ಬೀಳುತ್ತದೆ, ಮಡಿಕೆಯ ಗೆರೆಗಳೆಲ್ಲ ಮುಖದಷ್ಟೇ ಸ್ಪಷ್ಟವಾಗಿ ಮೂಡುತ್ತವೆ. ನಾಲ್ಕೈದು ಅಡಿ ಮುಂದೆ ಕೂರಿಸಿದರೆ ಅದೇ ಬಟ್ಟೆಯ ಸುಕ್ಕು ಮಸುಕಾಗಿ ಕರಗುತ್ತದೆ.

ಇದಕ್ಕೊಂದು ಲೆಕ್ಕವೂ ಉಂಟು. ದೀಪದಿಂದ ದೂರ ಎರಡರಷ್ಟಾದರೆ ಬೆಳಕು ನಾಲ್ಕನೇ ಒಂದಕ್ಕೆ ಇಳಿಯುತ್ತದೆ. ದೀಪ ಮುಖದಿಂದ ನಾಲ್ಕು ಅಡಿ ದೂರ ಇದೆ, ಪರದೆ ಮುಖದಿಂದ ಇನ್ನೂ ನಾಲ್ಕು ಅಡಿ ಹಿಂದೆ ಇದೆ ಎನ್ನಿ. ಪರದೆಗೆ ಸಿಗುವುದು ಮುಖಕ್ಕೆ ಸಿಕ್ಕಿದ್ದರ ಕಾಲು ಪಾಲು. ಪರದೆಯನ್ನು ಎಂಟು ಅಡಿ ಹಿಂದೆ ಒಯ್ದರೆ ಒಂಬತ್ತನೇ ಒಂದು. ಅಂದರೆ ಒಂದೇ ಬೂದು ಬಟ್ಟೆ ಹತ್ತಿರ ಇದ್ದಾಗ ಬೂದು, ದೂರ ಹೋದರೆ ಕಪ್ಪಿನ ಸಮೀಪ. ಅದಕ್ಕೇ ಬೇರೊಂದು ದೀಪ ಹಾಕಿದರೆ ಬಿಳಿಯ ಕಡೆಗೂ ಬರುತ್ತದೆ. ದೊಡ್ಡ ಕಿಟಕಿಯ ಬೆಳಕಿಗೆ ಈ ಲೆಕ್ಕ ಕರಾರುವಾಕ್ಕಾಗಿ ಹೊಂದದು, ಆದರೆ ದಿಕ್ಕು ಅದೇ.

ಆದ್ದರಿಂದ ಮೊದಲ ಪರದೆ ಒಂದೇ ಒಂದು ಕೊಳ್ಳುವುದಾದರೆ ಬೂದು ಬಣ್ಣದ್ದು, ಚಿತ್ರ ಇಲ್ಲದ್ದು. ಕಪ್ಪು ಕೊಂಡರೆ ಕೂದಲು ಕಪ್ಪಿನಲ್ಲಿ ಮುಳುಗುತ್ತದೆ. ಅಗ್ಗದ ಕಪ್ಪು ಪಾಲಿಯೆಸ್ಟರ್ ಆದರೆ ದೀಪಕ್ಕೆ ಮಿಂಚುತ್ತದೆ. ಬಿಳಿ ಬೇಕಾಗುವುದು ಪಾಸ್‌ಪೋರ್ಟ್ ಫೋಟೊಗೆ. ಅದಕ್ಕೆ ಸುಣ್ಣ ಬಳಿದ ಗೋಡೆ ಸಾಕು.

ಹಸಿರು ಪರದೆಯ ಮೋಹ ಈಗ ಎಲ್ಲರಿಗೂ. ಹಿಂದಿನದ್ದನ್ನು ಅಳಿಸಿ ಬೇಕಾದ ಚಿತ್ರ ಕೂರಿಸಬಹುದಲ್ಲ ಎಂದು. ಆದರೆ ಅದಕ್ಕೆ ಇಡೀ ಪರದೆಯ ಮೇಲೆ ಸಮನಾದ ಬೆಳಕು ಬೇಕು, ಕುಳಿತವರು ಅದಕ್ಕೆ ಹತ್ತಿರವಾದರೆ ಕೂದಲಿನ ಅಂಚಿಗೆ, ಕೆನ್ನೆಗೆ ಹಸಿರು ಹೊಡೆಯುತ್ತದೆ. ಅಡಿಕೆ ತೋಟದ ನೆರಳಿನಲ್ಲಿ ಮದುಮಗಳ ಫೋಟೊ ತೆಗೆದವರಿಗೆ ಈ ಹಸಿರು ಮುಖದ ಪರಿಚಯ ಚೆನ್ನಾಗಿಯೇ ಇರುತ್ತದೆ. ಮತ್ತೆ ಅದನ್ನು ದುಡ್ಡು ಕೊಟ್ಟು ತರಿಸುವುದೇಕೆ?

ಮಳೆಗಾಲಕ್ಕೆ ಕಾಗದ ಆಗದು

ನಗರದ ಸ್ಟುಡಿಯೊಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಕಾಗದದ ಸುರುಳಿ. ಅಗಲ 2.72 ಮೀಟರ್, ಉದ್ದ 11 ಮೀಟರ್. ಕೊಳೆಯಾದಷ್ಟು ಭಾಗ ಕತ್ತರಿಸಿ ಎಸೆದು ಮುಂದಕ್ಕೆ ಬಿಚ್ಚುತ್ತಾರೆ. ಸುಕ್ಕಿಲ್ಲ, ನೋಡಲು ಬಲು ಚಂದ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೇ ಒಣಗದ ಸುಳ್ಯ, ಪುತ್ತೂರು, ಕಡಬದ ಕಡೆ ಕಾಗದ ತೇವ ಕುಡಿದು ಅಲೆಅಲೆಯಾಗುತ್ತದೆ. ಒಂಬತ್ತಡಿಯ ಕೊಳವೆಯನ್ನು ಬಸ್ಸಿನಲ್ಲಿ ತರುವ ಯೋಚನೆ ಇದ್ದವರು ಕಂಡಕ್ಟರಿಗೆ ಏನು ಹೇಳುವುದೆಂದು ಮೊದಲೇ ತಯಾರಾಗಬೇಕು.

ವಿನೈಲ್, ಅಂದರೆ ಫ್ಲೆಕ್ಸ್ ಜಾತಿಯದ್ದು, ಒರೆಸಿದರೆ ಶುಭ್ರ. ಮಗುವಿನ ಕೇಕ್ ಫೋಟೊಗೆ ಅದು ಬೇಕಾದದ್ದೇ. ಹೊಳಪು ಮತ್ತು ಮಡಿಕೆಯ ಗುರುತು ಅದರ ದೋಷ; ಒಮ್ಮೆ ಮಡಚಿ ಕಳಿಸಿದರೆಂದರೆ ಆ ಗೆರೆ ಸುಲಭಕ್ಕೆ ಹೋಗದು. ಕಡಿಮೆ ಬೆಲೆಗೆ ‘ಬ್ಯಾಕ್‌ಡ್ರಾಪ್’ ಎಂದು ಸಿಗುವುದು ಬಹುಮಟ್ಟಿಗೆ ನೇಯ್ಗೆ ಇಲ್ಲದ ಪ್ಲಾಸ್ಟಿಕ್ ನಾರಿನ ಹಾಳೆ. ಜವುಳಿ ಅಂಗಡಿಯಲ್ಲಿ ಕೊಡುವ ಬಟ್ಟೆಯಂಥ ಕೈಚೀಲ ಇದೆಯಲ್ಲ, ಅದೇ ವಸ್ತು. ಇಸ್ತ್ರಿಪೆಟ್ಟಿಗೆ ಸ್ವಲ್ಪ ಬಿಸಿಯಾದರೂ ಕರಗಿ ತೂತು ಬೀಳುತ್ತದೆ.

ಉಳಿಯುವುದು ಹತ್ತಿ ಬಟ್ಟೆ. ಹೊಸಬರಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಒಗೆಯಬಹುದು, ಇಸ್ತ್ರಿ ಹಾಕಬಹುದು, ಬೇಡವಾದರೆ ಬಣ್ಣ ಹಾಕಿಸಬಹುದು. ಬೂಷ್ಟು ಹಿಡಿಯದಂತೆ ನೋಡಿಕೊಳ್ಳಬೇಕು: ಪೂರ್ತಿ ಒಣಗಿದ ಮೇಲೆಯೇ ಪಿವಿಸಿ ಪೈಪಿಗೆ ಸುತ್ತಿ, ಗೋಡೆಗೆ ತಾಗದ ಹಾಗೆ ಅಟ್ಟದಲ್ಲಿ ಇಡುವುದು. ಮಡಚುವುದು ಬೇಡ.

ಇಲ್ಲಿ ಒಂದು ಗುಟ್ಟು. ಅಂಗಿ ಬಟ್ಟೆ, ರವಿಕೆ ಬಟ್ಟೆಗಳ ಅಗಲ ಸಾಮಾನ್ಯವಾಗಿ 36ರಿಂದ 58 ಇಂಚು. ಅದರಲ್ಲಿ ಪರದೆ ಮಾಡಿಸಿದರೆ ನಡುವೆ ಹೊಲಿಗೆ ಬರುತ್ತದೆ, ಫೋಟೊದಲ್ಲಿ ಹೊಲಿಗೆ ಎದ್ದು ಕಾಣುತ್ತದೆ. ಆದರೆ ಡಬಲ್ ಬೆಡ್‌ಶೀಟಿನ ಬಟ್ಟೆ 90ರಿಂದ 108 ಇಂಚು ಅಗಲಕ್ಕೂ ನೇಯ್ದು ಬರುತ್ತದೆ. ಪುತ್ತೂರಿನ ಜವುಳಿ ಅಂಗಡಿಯಲ್ಲಿ ‘ಮೀಟರ್ ಲೆಕ್ಕದ ಬೆಡ್‌ಶೀಟ್ ಬಟ್ಟೆ, ಪ್ಲೇನ್ ಗ್ರೇ ಉಂಟಾ?’ ಎಂದು ಕೇಳಿ, ಮುಟ್ಟಿ, ಬೆಳಕಿಗೆ ಹಿಡಿದು ತರಬಹುದು. ಕೈಬೆರಳು ಆಚೆಯಿಂದ ಕಾಣದಿದ್ದರೆ ದಪ್ಪ ಸಾಕು.

ಅಳತೆಗೆ ಮೊದಲು ಮಾಡಿನ ಎತ್ತರ ನೋಡಿ. ನಿಂತವರ ಪೂರ್ತಿ ಚಿತ್ರಕ್ಕೆ 8 ಅಡಿ ಅಗಲ, 12 ಅಡಿ ಉದ್ದ ಬೇಕು. 8 ಅಡಿ ಮೇಲಿಂದ ಇಳಿದು ಉಳಿದ ನಾಲ್ಕಡಿ ನೆಲದ ಮೇಲೆ ಹಾಸಬೇಕು. ಹಂಚಿನ ಮನೆಯ ಜಗಲಿಯಲ್ಲಿ ಮಾಡು ತಲೆಯ ಮಟ್ಟಕ್ಕೆ ಇಳಿದಿರುತ್ತದೆ. ಅಲ್ಲಿ 5 ಅಡಿ ಅಗಲ, 7 ಅಡಿ ಉದ್ದದ ಪರದೆಯಲ್ಲಿ ಕುಳಿತವರ ಚಿತ್ರ ತೆಗೆದರೆ ಮರ್ಯಾದೆ. ಸ್ಟ್ಯಾಂಡಿಗೆ ಅವಸರ ಇಲ್ಲ. ಎರಡು ಕೊಕ್ಕೆಗೆ ಅಡ್ಡಲಾಗಿ ಹಳೆಯ ದೋಟಿಯೊಂದನ್ನು ಇಟ್ಟರೆ ಬಟ್ಟೆ ತೂಗುತ್ತದೆ. ಅಡಿಕೆ ಒಣಗಿಸುವ ಪ್ಲಾಸ್ಟಿಕ್ ಹೊದಿಕೆಯ ಸೋಲಾರ್ ಡ್ರೈಯರ್ ಮನೆಯಲ್ಲಿದ್ದರೆ, ಅಡಿಕೆ ಇಲ್ಲದ ತಿಂಗಳಲ್ಲಿ ಅದಕ್ಕಿಂತ ಮೆತ್ತನೆಯ ಬೆಳಕಿನ ಸ್ಟುಡಿಯೊ ಬೆಂಗಳೂರಿನಲ್ಲೂ ಸುಲಭಕ್ಕೆ ಸಿಗದು. ಬೆವರು ಒರೆಸಲು ಬೈರಾಸು ಇರಲಿ.

ಹಲಸಿನ ಹಪ್ಪಳ, ಉಪ್ಪಿನಕಾಯಿ ಮಾಡಿ ವಾಟ್ಸ್ಆ್ಯಪ್‌ನಲ್ಲಿ ಮಾರುವ ಅಕ್ಕಂದಿರಿಗೆ ಇದ್ಯಾವುದೂ ಬೇಡ. ಮಾಸಲು ಹಳದಿಯ ಹಪ್ಪಳ ಕಪ್ಪು ಕಡಪ ಕಲ್ಲಿನ ಮೇಲೆ ಎದ್ದು ಕಾಣುತ್ತದೆ. ಒಣಗಿಸುವ ಚಾಪೆಯ ಮೇಲೆ ಅದೇ ಬಣ್ಣದಲ್ಲಿ ಕಳೆದುಹೋಗುತ್ತದೆ. ಕಿಟಕಿ ಬದಿಗೆ ಎರಡಡಿ ಕಲ್ಲು ಇಟ್ಟರೆ ಮುಗಿಯಿತು.

ತೂಕ ಹೇಳುವ ಸತ್ಯ

ಆನ್‌ಲೈನ್‌ನಲ್ಲೇ ತರಿಸುವುದಾದರೆ? ತರಿಸಬಾರದೆಂದೇನಿಲ್ಲ. ಒಳ್ಳೆಯ ಮಾರಾಟಗಾರರು ಇದ್ದಾರೆ, ಸುಳ್ಯದಲ್ಲಿ ಸಿಗದ ಬಣ್ಣ ಅಲ್ಲಿ ಸಿಗುತ್ತದೆ. ಆದರೆ ಫೋಟೊ ನಂಬಬೇಡಿ. ಅಲ್ಲಿ ಕಾಣುವ ರೂಪದರ್ಶಿ ಆ ಪರದೆಯನ್ನು ಕಣ್ಣಿನಿಂದಲೂ ನೋಡಿರುವುದಿಲ್ಲ. ಅವಳನ್ನು ಕಂಪ್ಯೂಟರಿನಲ್ಲಿ ಅಂಟಿಸಿರುತ್ತಾರೆ.

ನಂಬಬೇಕಾದದ್ದು ಜಿಎಸ್ಎಂ ಎಂಬ ಅಂಕಿ, ಅಂದರೆ ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗುತ್ತದೆ ಎಂಬುದು. 8x12 ಅಡಿಯ ಪರದೆ ಎಂದರೆ ಹೆಚ್ಚುಕಡಿಮೆ 9 ಚದರ ಮೀಟರ್. 150 ಜಿಎಸ್ಎಂ ಬಟ್ಟೆಯಾದರೆ ಅದು 1 ಕಿಲೊ 300 ಗ್ರಾಮಿಗಿಂತ ಹೆಚ್ಚು ತೂಗಬೇಕು. 60 ಜಿಎಸ್ಎಂ ಹಾಳೆಯಾದರೆ ಅರ್ಧ ಕಿಲೊದ ಆಸುಪಾಸು. ‘ದಪ್ಪ ಬಟ್ಟೆ, 8x12’ ಎಂದು ಬರೆದು ಕೆಳಗೆ ಸಣ್ಣ ಅಕ್ಷರದಲ್ಲಿ ತೂಕ 400 ಗ್ರಾಂ ಎಂದಿದ್ದರೆ ಅಳತೆ ಸುಳ್ಳು ಅಥವಾ ದಪ್ಪ ಸುಳ್ಳು. ಎರಡೂ ನಿಜವಾಗಿರಲು ಸಾಧ್ಯವಿಲ್ಲ.

ಜಿಎಸ್ಎಂ ಬರೆದಿಲ್ಲವಾದರೆ ಕೇಳಿ. ಪರದೆಯನ್ನು ತೂಗುಹಾಕಿ, ಹಿಂದೆ ಮೊಬೈಲ್ ಟಾರ್ಚ್ ಹಿಡಿದು ಒಂದು ವಿಡಿಯೊ ಕಳಿಸಿ ಎನ್ನಿ. ಸಾಚಾ ವ್ಯಾಪಾರಿ ಕಳಿಸುತ್ತಾನೆ. ಉಳಿದವರು ‘ಬೆಸ್ಟ್ ಕ್ವಾಲಿಟಿ ಸರ್’ ಎಂದು ಮೂರು ಸಲ ಬರೆಯುತ್ತಾರೆ.

ಮಾರುವವ ಯಾರು?

ದೊಡ್ಡ ಶಾಪಿಂಗ್ ಆ್ಯಪ್‌ಗಳಲ್ಲಿ ನಾವು ಕೊಳ್ಳುವುದು ಬಹಳ ಸಲ ಆ ಕಂಪನಿಯಿಂದಲ್ಲ. ಆ್ಯಪ್ ಸಂತೆಯ ಜಾಗ ಮಾತ್ರ; ಗೂಡಂಗಡಿ ಹಾಕಿದವ ಬೇರೆ. ಉತ್ಪನ್ನದ ಪುಟದಲ್ಲಿ ‘ಮಾರಾಟಗಾರ’ ಎಂದಿರುವ ಹೆಸರನ್ನು ಒತ್ತಿದರೆ ವಿಳಾಸ ಮತ್ತು ರೇಟಿಂಗ್ ಸಿಗಬೇಕು. ಸಾಮಾನು ಯಾವ ದೇಶದ್ದೆಂಬುದೂ ಪುಟದಲ್ಲಿರಬೇಕು. ಇದು ಆ್ಯಪ್‌ನವರ ಉಪಕಾರವಲ್ಲ, 2020ರ ಇ-ಕಾಮರ್ಸ್ ನಿಯಮಗಳ ಕಟ್ಟಳೆ. ಜಿಎಸ್‌ಟಿ ಸಂಖ್ಯೆ ಇದ್ದರೆ ಜಿಎಸ್‌ಟಿ ಜಾಲತಾಣದಲ್ಲಿ ಹಾಕಿ ನೋಡಬಹುದು, ಖರ್ಚಿಲ್ಲ.

ಐದು ನಕ್ಷತ್ರದ ವಿಮರ್ಶೆ ಬಿಟ್ಟು ಒಂದು ನಕ್ಷತ್ರದವನ್ನು ಮೊದಲು ಓದಿ, ಅದರಲ್ಲೂ ಕೊಂಡವರು ಹಾಕಿದ ಫೋಟೊ ನೋಡಿ. ಕೆಲವು ಪುಟಗಳಲ್ಲಿ ಪರದೆಯ ಕೆಳಗೆ ‘ಕವರ್ ಫೋನಿಗೆ ಚೆನ್ನಾಗಿ ಕೂತಿದೆ’ ಎಂಬ ಹೊಗಳಿಕೆ ಇರುತ್ತದೆ. ಹಳೆಯ ಸಾಮಾನಿನ ಪುಟಕ್ಕೆ ಹೊಸ ಸಾಮಾನಿನ ಚಿತ್ರ ಅಂಟಿಸಿ ನಕ್ಷತ್ರಗಳನ್ನು ಮಾತ್ರ ಉಳಿಸಿಕೊಂಡ ಪುಟವದು. ‘ಈ ದರ ಇನ್ನು ಏಳು ನಿಮಿಷ ಮಾತ್ರ’ ಎಂದು ಸುಳ್ಳೇ ಓಡುವ ಗಡಿಯಾರ, ಕೇಳದೆಯೇ ಬುಟ್ಟಿಗೆ ಬಿದ್ದ ಕ್ಲಿಪ್ಪುಗಳು ಇವೆಲ್ಲ ಕೇಂದ್ರ ಸರ್ಕಾರ 2023ರ ನವೆಂಬರ್‌ನಲ್ಲಿ ಪಟ್ಟಿ ಮಾಡಿದ 13 ಬಗೆಯ ನಿಷಿದ್ಧ ತಂತ್ರಗಳ ಗುಂಪಿಗೆ ಸೇರುತ್ತವೆ.

ನಿಜವಾದ ಅಪಾಯ ಇನ್‌ಸ್ಟಾಗ್ರಾಂ, ಫೇಸ್‌ಬುಕ್ ಜಾಹೀರಾತಿನಿಂದ ನೇರ ಯುಪಿಐಗೆ ಕರೆದೊಯ್ಯುವ ಪುಟಗಳದ್ದು. ನಡುವೆ ಹಣ ತಡೆದಿಡುವ ಸಂತೆಯ ಯಜಮಾನ ಇಲ್ಲ, ವಿಳಾಸ ಇಲ್ಲ, ನಾಳೆ ಪುಟವೂ ಇರುವುದಿಲ್ಲ. ಕ್ಯಾಶ್ ಆನ್ ಡೆಲಿವರಿ ಇದೆಯಲ್ಲ ಎಂಬ ಧೈರ್ಯವೂ ಅರ್ಧದ್ದೇ. ಸಾಮಾನ್ಯವಾಗಿ ಹಣ ಕೊಟ್ಟ ನಂತರವೇ ಕಟ್ಟು ಬಿಚ್ಚಲು ಬಿಡುತ್ತಾರೆ, ತಂದುಕೊಟ್ಟವನು ಹಣ ವಾಪಸು ಕೊಡಲಾರ.

ಕಟ್ಟು ಬಿಚ್ಚುವ ಮೊದಲು

ಪಾರ್ಸೆಲ್ ಬಂದಾಗ ಅದನ್ನು ಅಂಗಡಿಯ ತಕ್ಕಡಿಯ ಮೇಲಿಟ್ಟು, ಲೇಬಲ್ ಮತ್ತು ಅಂಕಿ ಎರಡೂ ಕಾಣುವಂತೆ ಫೋಟೊ ತೆಗೆಯಿರಿ. ಲೇಬಲ್ಲಿನ ತೂಕವನ್ನೇ ನಂಬುವಂತಿಲ್ಲ. ಕೆಲವೊಮ್ಮೆ ಅದು ಪೆಟ್ಟಿಗೆಯ ಗಾತ್ರದಿಂದ ಲೆಕ್ಕ ಹಾಕಿದ್ದು. ಬಿಚ್ಚುವುದನ್ನು ತಡೆಯಿಲ್ಲದೆ ವಿಡಿಯೊ ಮಾಡಿ, ಟೇಪು ಹಿಡಿದು ಅಳೆಯಿರಿ. ಜಾಹೀರಾತು ಪುಟದ ಸ್ಕ್ರೀನ್‌ಶಾಟ್ ಆರ್ಡರ್ ಮಾಡುವ ದಿನವೇ ತೆಗೆದಿಟ್ಟಿರಬೇಕು, ಏಕೆಂದರೆ ದೂರು ಹೋದ ಮೇಲೆ ಆ ಪುಟದ ಅಕ್ಷರಗಳು ಬದಲಾಗಬಹುದು.

ಹಳ್ಳಿಯವರಿಗೆ ಇನ್ನೊಂದು ತೊಡಕು: ತಂದುಕೊಡುವಾಗ ಸಿಗುವ ಪಿನ್‌ಕೋಡ್ ವಾಪಸು ಒಯ್ಯುವಾಗ ‘ಸೇವೆ ಲಭ್ಯವಿಲ್ಲ’ ಆಗಿರುತ್ತದೆ. ಸುಮ್ಮನೆ ಬಿಡಬೇಡಿ. ಸ್ಪೀಡ್ ಪೋಸ್ಟಿನಲ್ಲಿ ಕಳಿಸುತ್ತೇನೆ, ಖರ್ಚು ನೀವು ಕೊಡಬೇಕು ಎಂದು ಆ್ಯಪ್‌ನಲ್ಲೇ ಬರೆದು ಒಪ್ಪಿಗೆ ಪಡೆಯಿರಿ. ಅಂಚೆ ರಸೀದಿ ಜೋಪಾನ.

ಮಂಗಳೂರಿನವರೆಗೆ ಹೋಗುವ ದಾರಿ

‘ನೋ ರಿಟರ್ನ್’ ಎಂದು ಬರೆದಿದ್ದಾರೆ, ಹಾಗಾಗಿ ಏನೂ ಮಾಡುವಂತಿಲ್ಲ ಎಂಬುದು ಬಹುಜನರ ನಂಬಿಕೆ. ಅದು ಸರಿಯಲ್ಲ. 2020ರ ನಿಯಮದ ಪ್ರಕಾರ ಸಾಮಾನು ದೋಷಪೂರಿತವಾಗಿದ್ದರೆ, ಜಾಹೀರಾತಿನಲ್ಲಿ ಹೇಳಿದ ಗುಣ ಅದಕ್ಕೆ ಇಲ್ಲದಿದ್ದರೆ, ಹೇಳಿದ ದಿನಕ್ಕಿಂತ ತಡವಾಗಿ ಬಂದರೆ ಆ್ಯಪ್‌ನಲ್ಲಿ ಮಾರಿದವನು ವಾಪಸು ಪಡೆಯಲು ನಿರಾಕರಿಸುವಂತಿಲ್ಲ. ಪ್ರವಾಹದಂಥ ಕಾರಣದ ತಡಕ್ಕೆ ಮಾತ್ರ ವಿನಾಯಿತಿ. ಪ್ರತಿ ಇ-ಕಾಮರ್ಸ್ ಕಂಪನಿಗೂ ಒಬ್ಬ ಕುಂದುಕೊರತೆ ಅಧಿಕಾರಿ ಇರಬೇಕು. ದೂರು ತಲುಪಿದೆ ಎಂದು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳಲ್ಲಿ ಪರಿಹರಿಸಬೇಕು. ಚಾಟ್‌ನಲ್ಲಿ ಉತ್ತರಿಸುವ ಯಂತ್ರದ ಜೊತೆ ಜಗಳ ಆಡುತ್ತ ಕೂರುವ ಬದಲು ಆ ಅಧಿಕಾರಿಗೆ ಇಮೇಲ್ ಬರೆಯುವುದು ಲೇಸು.

ಅದೂ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಕನ್ನಡದಲ್ಲೇ ಮಾತಾಡಬಹುದು. ಅದು ನ್ಯಾಯಾಲಯವಲ್ಲ, ಕಂಪನಿಗೆ ದೂರು ಮುಟ್ಟಿಸಿ ಒತ್ತಾಯ ತರುವ ವ್ಯವಸ್ಥೆ. ಆದರೂ ಎಂಟುನೂರು, ಸಾವಿರ ರೂಪಾಯಿಯ ತಕರಾರಿಗೆ ಅದಕ್ಕಿಂತ ಹಗುರವಾದ ದಾರಿ ಇಲ್ಲ.

ಕೊನೆಯದು ಜಿಲ್ಲಾ ಗ್ರಾಹಕ ಆಯೋಗ, ನಮಗೆ ಮಂಗಳೂರು. ಮಾರಾಟಗಾರ ಸೂರತ್‌ನಲ್ಲಿದ್ದರೆ ಅಲ್ಲಿಗೆ ಹೋಗಬೇಕೇ ಎಂಬ ಚಿಂತೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಡ. ದೂರುದಾರ ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲೇ ದಾಖಲಿಸಬಹುದು. ಜಾಲ್ಸೂರಿನಿಂದ ಕಾಸರಗೋಡಿನ ರಸ್ತೆಯಲ್ಲಿ ಗಡಿ ದಾಟಿದರೆ ಸಿಗುವ ಅಡೂರು, ದೇಲಂಪಾಡಿಯವರಿಗೆ ಕಾಸರಗೋಡಿನ ಆಯೋಗ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರು ಇರಲೇಬೇಕೆಂದಿಲ್ಲ, ಇ-ಜಾಗೃತಿ ಜಾಲತಾಣದಿಂದ ಮನೆಯಲ್ಲೇ ಸಲ್ಲಿಸಬಹುದು. ಎರಡು ವರ್ಷದೊಳಗೆ ಮಾಡಬೇಕು. ಎಂಟುನೂರು ರೂಪಾಯಿಗೆ ಯಾರು ಅಷ್ಟೆಲ್ಲ ಮಾಡುತ್ತಾರೆ ಎಂಬ ಪ್ರಶ್ನೆ ನ್ಯಾಯವಾದದ್ದೇ; ಕೆಟ್ಟ ಮಾರಾಟಗಾರ ಬದುಕಿರುವುದೂ ಅದೇ ಲೆಕ್ಕದ ಮೇಲೆ.

ಫೋಟೊಗ್ರಾಫರುಗಳಿಗೆ ಇಲ್ಲೊಂದು ವಿಶೇಷ ಅಂಶವಿದೆ. ವ್ಯಾಪಾರದ ಉದ್ದೇಶಕ್ಕೆ ಕೊಂಡವನು ಕಾಯ್ದೆಯ ಕಣ್ಣಿನಲ್ಲಿ ‘ಗ್ರಾಹಕ’ ಅಲ್ಲ. ‘ನೀವು ಸ್ಟುಡಿಯೊದವರು, ನಿಮಗೆ ಅನ್ವಯಿಸುವುದಿಲ್ಲ’ ಎಂದು ಮಾರಾಟಗಾರ ವಾದಿಸಬಹುದು. ಆದರೆ ಅದೇ ಕಾಯ್ದೆಯ ವಿವರಣೆಯಲ್ಲಿ, ಸ್ವಯಂ ಉದ್ಯೋಗದಿಂದ ಹೊಟ್ಟೆ ಹೊರೆಯಲು ಮಾತ್ರ ಕೊಂಡು ತಾನೇ ಬಳಸಿದ ಸಾಮಾನನ್ನು ವ್ಯಾಪಾರದ ಉದ್ದೇಶವೆಂದು ಎಣಿಸಬಾರದು ಎಂದಿದೆ. ಒಬ್ಬನೇ ಕ್ಯಾಮೆರಾ ಹಿಡಿದು ಸೀಮಂತದ ಫೋಟೊ ತೆಗೆಯುವ ಹುಡುಗ ಈ ವಿವರಣೆಯ ಒಳಗೇ ಬರುತ್ತಾನೆ. ದೂರಿನಲ್ಲಿ ಆ ಸಾಲನ್ನು ಮೊದಲೇ ಬರೆದುಬಿಡಬೇಕು.

ಎರಡನೇ ಮೋಸ

ಸಣ್ಣ ಮೋಸ ದೊಡ್ಡದಾಗುವುದು ರಿಫಂಡ್ ಹುಡುಕುವಾಗ. ಕಂಪನಿಯ ಕಸ್ಟಮರ್ ಕೇರ್ ನಂಬರಿಗಾಗಿ ಗೂಗಲ್‌ನಲ್ಲಿ ತಡಕಾಡಿದರೆ ಮೇಲೆ ಸಿಗುವುದು ಕಳ್ಳರ ನಂಬರೂ ಆಗಿರಬಹುದು. ಆ ಕಡೆಯವನು ಬಲು ವಿನಯದಿಂದ ಒಂದು ಆ್ಯಪ್ ಹಾಕಿಸಿ ನಿಮ್ಮ ಮೊಬೈಲಿನ ಪರದೆಯನ್ನು ಅವನ ಪರದೆಗೆ ತರಿಸಿಕೊಳ್ಳುತ್ತಾನೆ, ಇಲ್ಲವೇ ಕ್ಯೂಆರ್ ಕೋಡ್ ಕಳಿಸಿ ‘ಪಿನ್ ಒತ್ತಿ, ಹಣ ಬರುತ್ತದೆ’ ಎನ್ನುತ್ತಾನೆ. ಯುಪಿಐನಲ್ಲಿ ಹಣ ಪಡೆಯಲು ಪಿನ್ ಬೇಡ. ಪಿನ್ ಒತ್ತಿದರೆ ಹಣ ಹೋಗುವುದಷ್ಟೇ. ಸಹಾಯವಾಣಿಯ ನಂಬರನ್ನು ಆರ್ಡರ್ ಮಾಡಿದ ಆ್ಯಪ್‌ನ ಒಳಗಿಂದಲೇ ತೆಗೆಯಬೇಕು.

ಹಣ ಹೋಗಿಯೇ ಬಿಟ್ಟರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಬೇಕು. ಕಳ್ಳರು ಹಣವನ್ನು ಒಂದು ಖಾತೆಯಿಂದ ಇನ್ನೊಂದಕ್ಕೆ ಸರಸರ ದಾಟಿಸುತ್ತಾರೆ. ದಾರಿಯ ನಡುವೆ ತಡೆಯಲು ಸಾಧ್ಯವಾಗುವುದು ಮೊದಲ ಕೆಲವು ಗಂಟೆಗಳಲ್ಲಿ.

ಇಷ್ಟೆಲ್ಲ ರಗಳೆ ಬೇಡ ಎನ್ನುವವರಿಗೆ ಊರಿನಲ್ಲೇ ಒಂದು ಉಪಾಯ ಉಂಟು. ಸೌತ್ ಕೆನರಾ ಫೋಟೊಗ್ರಾಫರ್ಸ್ ಅಸೋಸಿಯೇಶನ್ನಿಗೆ ಸುಳ್ಯ, ಪುತ್ತೂರಿನಲ್ಲೂ ಸದಸ್ಯರಿದ್ದಾರೆ. ಹಳೆಯ ಸ್ಟುಡಿಯೊದವರಲ್ಲಿ ಬಳಸಿ ಬಿಟ್ಟ ಪರದೆ ಇದೆಯೇ ಎಂದು ವಿಚಾರಿಸಿದರೆ ಕೆಲವೊಮ್ಮೆ ಕಡಿಮೆ ಬೆಲೆಗೆ ದಪ್ಪ ಬಟ್ಟೆಯೇ ಸಿಕ್ಕೀತು. ಹಿಡಿದು ನೋಡಬಹುದು, ಚೌಕಾಸಿ ಮಾಡಬಹುದು, ಮಾರಿದವರ ಮನೆ ಎಲ್ಲಿ ಎಂದು ಯಾರನ್ನೂ ಕೇಳಬೇಕಾಗಿಲ್ಲ.